ಕೂಸು ತರಲು ಟಾಂಪೆರೆಗೆ ಹೋದದ್ದು

ದೊಡ್ಡೇರಿ

ಫಿನ್‌ಲ್ಯಾಂಡಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, ‘ಅಲ್ಲೇನೇನ್ ನೋಡಿದ್ರಿ ಮೇಷ್ಟ್ರೇ?’ ನಾನು ಏನನ್ನೂ ನೋಡಲು ಹೋದವನಲ್ಲ. ತಂಗಿಯ ಎರಡು ವರ್ಷದ ಮಗಳನ್ನು ಊರಿಗೆ ಕರೆತರಲು ಹೋದವನು. ಹೋಗುವುದಕ್ಕೆ ಒಬ್ಬನಿಗೆ, ಬರುವುದಕ್ಕೆ ಇಬ್ಬರಿಗೆ ಟಿಕೆಟ್ ಆಗಿತ್ತು.

ತಂಗಿ ಸುಜಾತ ನರ್ಸ್. ತುಮಕೂರಿನಲ್ಲಿ ಓದಿ, ಹಟ ಹಿಡಿದು ಆ ದೇಶದ ಭಾಷೆ ಕಲಿತು, ಟಾಂಪೆರೆ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಗೆ ಸೇರಿಕೊಂಡಿದ್ದಳು. ಅವಳ ಗಂಡ ಮಸ್ಕತ್‌ನಲ್ಲಿದ್ದಾರೆ. ಅವರ ವೀಸಾ ಇನ್ನೂ ಆಗಿರಲಿಲ್ಲ. ಮಗು ಇಂಚರಳನ್ನು ನೋಡಿಕೊಳ್ಳುತ್ತಿದ್ದ ಕೇರಳದ ಗೆಳತಿ ಬೇರೆ ಊರಿಗೆ ಹೊರಟುಹೋದ ಮೇಲೆ ಸುಜಾತಳ ಕೈಕಾಲು ಕಟ್ಟಿದಂತಾಯಿತು. ಅವಳ ಡ್ಯೂಟಿ ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ, ನಡುನಡುವೆ ರಾತ್ರಿ. ಒಂದು ದಿನ ಫೋನಿನಲ್ಲಿ ಮಾತನಾಡುತ್ತ ಮಾತನಾಡುತ್ತ ಅತ್ತೇಬಿಟ್ಟಳು.

ಅವ್ವ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ‘ಅಳಬ್ಯಾಡ ಸುಮ್ಕಿರು. ಕೂಸ್‌ನ ಇಲ್ಲಿಗ್ ಕಳ್ಸು. ನಿಮ್ಮಿಬ್ರನ್ನೂ ಸಾಕ್ದೋಳು ನಾನು, ಇದೊಂದ್ನ ಸಾಕಕ್ಕಾಗಲ್ವಾ?’ ಆಮೇಲೆ ನನ್ನ ಕಡೆ ತಿರುಗಿದಳು. ‘ಲೇ ನಾಗ, ಬ್ಯಾಸ್ಗೆ ರಜದಾಗೆ ಹೋಗಿ ಕರ್ಕಂಡ್ ಬಂದ್ಬುಡು. ಸ್ಕೂಲಿಗ್ ಸೇರೋಗಂಟ ಇಲ್ಲೇ ಇರ್ಲಿ ಕಣ್ಲಾ.’

ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಹೊರದೇಶದಲ್ಲಿ ದುಡಿಯುವ ಎಷ್ಟೋ ತಾಯಂದಿರ ಮಕ್ಕಳು ಹೀಗೆ ಅಜ್ಜಿಯರ ಮಡಿಲಲ್ಲಿ ಬೆಳೆಯುತ್ತವೆ. ನಾನು ಮಧುಗಿರಿ ತಾಲ್ಲೂಕು ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ನನ್ನ ಹೆಂಡತಿ ಕಮಲ ಅದೇ ಹಳ್ಳಿಯ ಅಂಗನವಾಡಿ ಟೀಚರು. ಮಗು ಸಾಕಲು ಇದಕ್ಕಿಂತ ಒಳ್ಳೆಯ ಮನೆ ಯಾವುದು ಎಂದು ನನಗೂ ಅನಿಸಿತು. ಕಮಲ ಮಾತ್ರ ರಾಗಿ ಹಿಟ್ಟನ್ನು ಡಬ್ಬಿಗೆ ತುಂಬುತ್ತ, ‘ಅಲ್ಲಿ ನಮ್ಮಂಥೋರು ಹೆಂಗ್ ಕೆಲ್ಸ ಮಾಡ್ತಾರೋ, ಒಸಿ ನೋಡ್ಕಂಡ್ ಬನ್ನಿ’ ಎಂದಳು.

ಹೆಲ್ಸಿಂಕಿ

ಆ ಡಬ್ಬಿಯೇ ನನ್ನನ್ನು ನಿಲ್ಲಿಸಿತು. ವಿಮಾನ ನಿಲ್ದಾಣದ ಅಧಿಕಾರಿಣಿ ಅದನ್ನು ಮೂಗಿನ ಹತ್ತಿರ ಹಿಡಿದು, ಇದೇನು ಪುಡಿ ಎಂದು ಕೇಳಿದರು. ಗೊತ್ತಿದ್ದ ಇಂಗ್ಲಿಷೆಲ್ಲ ಆ ಹೊತ್ತಿಗೆ ಕೈಕೊಟ್ಟಿತು. ಕೊನೆಗೆ ಗಾಳಿಯಲ್ಲೇ ಪಾತ್ರೆ ಇಟ್ಟು, ಕೋಲಿನಿಂದ ತಿರುವಿ, ಎರಡೂ ಅಂಗೈಯಲ್ಲಿ ಮುದ್ದೆ ಕಟ್ಟಿ, ಮುರಿದು ನುಂಗಿ ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ಒಬ್ಬರೂ ನಗಲಿಲ್ಲ. ಅಧಿಕಾರಿಣಿಯೂ ನಗಲಿಲ್ಲ. ಅತ್ಯಂತ ಗಂಭೀರವಾಗಿ, ‘ಗಂಜಿಯೇ?’ ಎಂದರು. ಹೌದು ಎಂದೆ. ಗಂಜಿಯ ಮೇಲೆ ಆ ದೇಶದವರಿಗೆ ಎಷ್ಟು ಗೌರವವಿದೆ ಎಂಬುದು ಆಮೇಲೆ ತಿಳಿಯಿತು. ಡಬ್ಬಿ ಮುಚ್ಚಿ ವಾಪಸು ಕೊಟ್ಟರು.

ಟಾಂಪೆರೆಗೆ ರೈಲು. ನನ್ನ ಪಕ್ಕದಲ್ಲಿ ಕುಳಿತ ಹಿರಿಯರನ್ನು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿದೆ. ಊರಿನ ಹೆಸರು ಹೇಳಿ ಕಿಟಕಿಯ ಕಡೆ ತಿರುಗಿದರು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಿನಲ್ಲಿ ಹೋದರೆ ಇಳಿಯುವಷ್ಟರಲ್ಲಿ ಪಕ್ಕದವರ ಮಂಡಿನೋವಿನವರೆಗೂ ಗೊತ್ತಾಗಿರುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ. ಇಲ್ಲಿ ಬೋಗಿ ತುಂಬ ಜನ, ಒಂದು ಪಿಸುಮಾತಿಲ್ಲ. ನನ್ನ ಮೇಲೆ ಬೇಸರವಾಯಿತೇನೋ ಎಂದುಕೊಂಡೆ. ಇಳಿಯುವ ಮೊದಲು ಆ ಹಿರಿಯರು ಎದ್ದು ನಿಂತು, ಕೇಳದೆಯೇ ನನ್ನ ಭಾರದ ಬ್ಯಾಗನ್ನು ಮೇಲಿನಿಂದ ಇಳಿಸಿಟ್ಟು, ಒಂದು ಮಾತೂ ಆಡದೆ ಹೋದರು.

ಟಾಂಪೆರೆ

ಮಧುಗಿರಿಯವನಿಗೆ ಟಾಂಪೆರೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಂಡೆ. ರಸ್ತೆ ಪಕ್ಕದಲ್ಲಿ, ಮನೆಗಳ ನಡುವೆ, ಆಟದ ಅಂಗಳದಲ್ಲಿ ನೆಲದಿಂದ ಆನೆ ಬೆನ್ನಿನ ಹಾಗೆ ಬಂಡೆ ಎದ್ದಿರುತ್ತದೆ. ನಮ್ಮ ಏಕಶಿಲಾ ಬೆಟ್ಟದ ಮರಿಗಳು ಇಷ್ಟು ದೂರ ಬಂದು ನೆಲೆಸಿವೆಯೇನೋ ಎನಿಸಿತು. ಏಪ್ರಿಲ್ ಕೊನೆ. ನಮ್ಮಲ್ಲಿ ಸಗಣಿ ಸಾರಿಸಿದ ಅಂಗಳ ಬಾಯಿಬಿಡುವ ಕಾಲ. ಅಲ್ಲಿ ಕೆರೆಯ ಮೇಲೆ ಹಿಮ ಇನ್ನೂ ಗಟ್ಟಿಯಾಗಿತ್ತು, ರಾತ್ರಿಯ ಊಟ ಮುಗಿಸಿ ಪಾತ್ರೆ ತೊಳೆದರೂ ಸೂರ್ಯ ಮುಳುಗುತ್ತಿರಲಿಲ್ಲ.

ಇಂಚರ ಬಾಗಿಲ ಹಿಂದೆ ನಿಂತು ನನ್ನನ್ನು ನೋಡಿದಳು. ಫೋನಿನಲ್ಲಿ ದಿನವೂ ‘ಮಾಮ’ ಎನ್ನುತ್ತಿದ್ದವಳು ಎದುರಿಗೆ ಬಂದ ಮಾಮನನ್ನು ಒಪ್ಪಲಿಲ್ಲ. ಕಡಲೆಕಾಯಿ ಚಿಕ್ಕಿಯ ಒಂದು ಚೂರು ಅವಳ ಬಾಯಿಗೆ ಹೋದ ಮೇಲೆ ಹತ್ತಿರ ಬಂದಳು.

ಮರುದಿನವೇ ನಾನು ಎಡವಟ್ಟು ಮಾಡಿದೆ. ಊಟವಾದ ಮೇಲೆ ಸುಜಾತ ಮಗುವಿಗೆ ಸ್ವೆಟರ್ ಮೇಲೆ ಸ್ವೆಟರ್ ತೊಡಿಸಿ, ತಳ್ಳುಗಾಡಿಯಲ್ಲಿ ಮಲಗಿಸಿ, ಗಾಡಿಯನ್ನು ಬಾಲ್ಕನಿಯಲ್ಲಿಟ್ಟು ಸ್ನಾನಕ್ಕೆ ಹೋದಳು. ಹೊರಗೆ ಉಸಿರು ಹೊಗೆಯಾಗುವ ಚಳಿ. ಮಗುವನ್ನು ಮರೆತುಬಿಟ್ಟಳೆಂದು ಗಾಬರಿಯಾಗಿ ಒಳಗೆ ತಂದು ಹಾಸಿಗೆಯ ಮೇಲೆ ಮಲಗಿಸಿದೆ. ಚೆನ್ನಾಗಿ ನಿದ್ದೆ ಹೋಗಿದ್ದ ಇಂಚರ ಎದ್ದು ಮನೆ ಹಾರಿಹೋಗುವ ಹಾಗೆ ಕಿರುಚಿದಳು.

‘ಅಯ್ಯೋ ಅಣ್ಣ, ಇಲ್ಲಿ ಮಕ್ಳು ಮಲಗೋದೇ ಹಂಗೆ! ಗಾಳಿ ಒಳ್ಳೇದು ಅಂತಾರೆ’ ಎಂದಳು ಸುಜಾತ.

‘ಅವ್ವಂಗೆ ಇದ್ನ ಹೇಳ್ಬ್ಯಾಡ’ ಎಂದೆ.

ಆ ವಾರದಲ್ಲೇ ಅವಳಿಗೆ ನಗರಸಭೆಯಿಂದ ಫೋನ್ ಬಂತು. ಅವಳು ಹಿಂದೆ ಯಾವತ್ತೋ ಅರ್ಜಿ ಹಾಕಿ ಆಸೆ ಬಿಟ್ಟಿದ್ದ ಶಿಶುಪಾಲನಾ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು. ಸಾಮಾನ್ಯವಾದದ್ದಲ್ಲ, ಪಾಳಿಯಲ್ಲಿ ದುಡಿಯುವವರ ಮಕ್ಕಳಿಗಾಗಿ ಇರುವುದು. ಅಪ್ಪ ಅಮ್ಮನಿಗೆ ಬೆಳಗಿನ ಪಾಳಿಯಾದರೆ ಬೆಳಗ್ಗೆ, ಸಂಜೆಯದಾದರೆ ಸಂಜೆ, ರಾತ್ರಿಯದಾದರೆ ಮಗು ಅಲ್ಲೇ ಮಲಗಿ ಏಳುತ್ತದೆ.

ಸುಜಾತ ಫೋನಿಟ್ಟು ನನ್ನ ಮುಖ ನೋಡಿದಳು. ಖುಷಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ‘ಟಿಕೆಟ್ ಆಗೋಗೈತೆ. ಅವ್ವ ಕಾಯ್ತಾವ್ಳೆ. ಈಗೇನ್ ಮಾಡ್ಲಿ?’ ಎಂದಳು. ಮಗು ಹೊಸ ಜಾಗಕ್ಕೆ ಒಗ್ಗುವ ತನಕ ಮನೆಯವರೊಬ್ಬರು ಜೊತೆಗೆ ಹೋಗಿ ಕೂರಬೇಕಂತೆ. ಅವಳಿಗೆ ರಜೆ ಇರಲಿಲ್ಲ. ‘ನಾನ್ ಹೋಗ್ತೀನಿ. ನೋಡೋಣ. ಒಗ್ಗದಿದ್ರೆ ಕರ್ಕಂಡ್ ಹೋಗೋದೇ’ ಎಂದೆ. ಒಗ್ಗುವುದಿಲ್ಲ ಎಂದು ಒಳಗೊಳಗೇ ನನಗೆ ಖಾತ್ರಿಯಿತ್ತು.

ಪೈವಾಕೋಟಿ

ಆ ಕೇಂದ್ರಕ್ಕೆ ಅವರು ‘ಪೈವಾಕೋಟಿ’ ಎನ್ನುತ್ತಾರೆ. ಕೋಟಿ ಎಂದರೆ ಅವರ ಭಾಷೆಯಲ್ಲಿ ಮನೆ. ಹಗಲಿನ ಮನೆ ಎಂದು ಅರ್ಥ. ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಟೂಲಾ ಎಂಬ ಶಿಕ್ಷಕಿ. ಕಮಲಳಿಗಿಂತ ಸ್ವಲ್ಪ ದೊಡ್ಡವರು, ನರೆತ ಕೂದಲು, ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ. ಇಂಗ್ಲಿಷಿನಲ್ಲಿ, ‘ನೀವು ತಂದೆಯೇ?’ ಎಂದು ಕೇಳಿದರು.

‘ಅಲ್ಲ, ತಾಯಿಯ ಅಣ್ಣ.’

‘ಓ, ಎನೊ!’ ಎಂದರು.

ನನ್ನ ಮುಖ ಬಿಸಿಯಾಯಿತು. ಮೊದಲ ಭೇಟಿಯಲ್ಲೇ ‘ಏನೋ’ ಎನ್ನುವುದೇ? ಮೇಷ್ಟ್ರಾದ ಮೇಲೆ ನನ್ನನ್ನು ಹಾಗೆ ಕರೆದವರು ಅವ್ವ ಮತ್ತು ನಮ್ಮ ಬಿಇಒ ಕಚೇರಿಯ ಒಬ್ಬ ಹಳೆಯ ಗೆಳೆಯ ಮಾತ್ರ. ಸಂಜೆ ಸುಜಾತ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿಯ ಸೋದರನಿಗೆ ಅವರ ಭಾಷೆಯಲ್ಲಿ ಇರುವ ಪದವೇ ‘ಎನೊ’. ಚಿಕ್ಕಪ್ಪನಿಗೆ ಬೇರೆ ಪದ. ಇಂಗ್ಲಿಷಿನವರ ಹಾಗೆ ಎಲ್ಲರನ್ನೂ ಒಂದೇ ಅಂಕಲ್ಲಿಗೆ ಕಟ್ಟಿಹಾಕಿಲ್ಲ. ಸೋದರಮಾವನಿಗೆಂದೇ ಒಂದು ಮಾತು ಇಟ್ಟುಕೊಂಡ ಜನ ತೀರಾ ಹೊರಗಿನವರಾಗಲಾರರು ಎನಿಸಿತು. ಎರಡೇ ದಿನಕ್ಕೆ ಅಲ್ಲಿನ ಮಕ್ಕಳೆಲ್ಲ ನನ್ನನ್ನು ‘ಎನೊ, ಎನೊ’ ಎಂದು ಕರೆಯತೊಡಗಿದರು. ನಾನೂ ಓಗೊಡತೊಡಗಿದೆ.

ಮೊದಲ ದಿನ ಇಂಚರ ನನ್ನ ಪ್ಯಾಂಟು ಬಿಡಲಿಲ್ಲ. ಏನೂ ತಿನ್ನಲಿಲ್ಲ. ಇನ್ನೊಂದು ಮಗು ಕಿಟಕಿಯ ಬಳಿ ‘ಐತಿ, ಐತಿ’ ಎಂದು ಅಳುತ್ತಿತ್ತು. ‘ಐತಿ’ ಎಂದರೆ ಅಲ್ಲಿ ಅಮ್ಮ. ಟೂಲಾ ಆ ಮಗುವಿಗೆ ಸುಮ್ಮನಿರು ಎನ್ನಲಿಲ್ಲ, ಅಮ್ಮ ಈಗ ಬರ್ತಾಳೆ ಎಂದು ಸುಳ್ಳೂ ಹೇಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡರು, ಅಷ್ಟೇ. ಅಳು ತಾನಾಗಿ ಮುಗಿಯುವವರೆಗೂ ಕುಳಿತಿದ್ದರು. ಅವರಿಗೆ ಹಾಗೆ ಕೂರಲು ಸಮಯವಿತ್ತು, ಉಳಿದ ಮಕ್ಕಳನ್ನು ನೋಡಲು ಇನ್ನಿಬ್ಬರಿದ್ದರು. ನನಗೆ ಕಮಲ ನೆನಪಾದಳು. ಅವಳು ಒಂದು ಅಳುವ ಮಗುವಿನ ಪಕ್ಕ ಕುಳಿತರೆ ಅಷ್ಟರಲ್ಲಿ ಇನ್ನೊಂದು ಮಗು ರಸ್ತೆಗೆ ಹೋಗಿರುತ್ತದೆ, ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ, ಗರ್ಭಿಣಿಯೊಬ್ಬಳು ಬಾಗಿಲಲ್ಲಿ ನಿಂತಿರುತ್ತಾಳೆ.

ಮಳೆಯಿರಲಿ, ಗಾಳಿಯಿರಲಿ, ಮಕ್ಕಳನ್ನು ಹೊರಗೆ ಬಿಡುತ್ತಾರೆ. ಎಲ್ಲರಿಗೂ ಒಂದೇ ಥರದ ದಪ್ಪ ಉಡುಪು, ರಬ್ಬರಿನ ಬೂಟು. ಅಂಗಳದ ಬಂಡೆ ಹತ್ತಿ ಜಾರುತ್ತಾರೆ, ಕೆಸರಿನಲ್ಲಿ ಕೂರುತ್ತಾರೆ. ನಾನು ಮಕ್ಕಳ ಮೇಜಿನ ಬಳಿ ಒಂದು ಪುಟ್ಟ ಕುರ್ಚಿಯಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತು ಕಿಟಕಿಯಿಂದ ನೋಡುತ್ತಿದ್ದೆ.

ಒಂದನೇ ತರಗತಿಗೆ ಪಾಠ ಮಾಡುವವನಿಗೆ ಒಂದು ಕೆಟ್ಟ ವಿದ್ಯೆ ಬಂದಿರುತ್ತದೆ. ಜೂನ್‌ನಲ್ಲಿ ಮಕ್ಕಳು ಬಂದು ಕೂತ ಸ್ವಲ್ಪ ಹೊತ್ತಿಗೇ ಯಾರ ಮನೆಯಲ್ಲಿ ಕಥೆ ಹೇಳುವವರಿದ್ದಾರೆ, ಯಾರನ್ನು ಕಡಲೆಕಾಯಿ ಹೊಲದ ಬದುವಿನಲ್ಲಿ ಕೂರಿಸಿ ತಾಯಿ ಕಳೆ ಕೀಳುತ್ತಾಳೆ ಎಂದು ಹೇಳಬಲ್ಲೆ. ಒಂದು ಮಗು ಬಣ್ಣಗಳ ಹೆಸರು ಹೇಳುತ್ತದೆ, ಇನ್ನೊಂದು ತನ್ನ ಹೆಸರನ್ನೂ ಗಟ್ಟಿಯಾಗಿ ಹೇಳಲಾರದು. ನಾನು ಸೀಮೆಸುಣ್ಣ ಹಿಡಿಯುವ ಮೊದಲೇ ಅರ್ಧ ತೀರ್ಮಾನವಾಗಿರುತ್ತದೆ. ಇನ್ನು ಅನುಕೂಲವಿದ್ದವರ ಮಕ್ಕಳು ನನ್ನ ಶಾಲೆಗೆ ಬರುವುದೇ ಇಲ್ಲ. ಹಳದಿ ವ್ಯಾನು ಹತ್ತಿ ಮಧುಗಿರಿಗೋ ಶಿರಾಕ್ಕೋ ಹೋಗುತ್ತಾರೆ.

ಆ ವಿದ್ಯೆಯನ್ನು ಇಲ್ಲೂ ಪರೀಕ್ಷಿಸೋಣ ಎನಿಸಿತು. ಏತು ಎಂಬ ಹುಡುಗ ಬಹಳ ವಾಚಾಳಿ. ಪುಸ್ತಕ ತೆರೆದು ಚಿತ್ರ ನೋಡಿ ಉದ್ದುದ್ದ ಕಥೆ ಹೇಳುತ್ತಿದ್ದ, ಟೂಲಾರನ್ನೇ ತಿದ್ದುತ್ತಿದ್ದ. ಐನೊ ಎಂಬ ಹುಡುಗಿ ಮೂಗು ಸುರಿಸುತ್ತ, ಮಾತಿಲ್ಲದೆ, ಕೆಸರು ಮೆತ್ತಿಕೊಂಡು ಒಂದು ಮೂಲೆಯಲ್ಲಿರುತ್ತಿದ್ದಳು. ಈ ಪಾಳಿ ಕೇಂದ್ರದಲ್ಲಿ ಆಸ್ಪತ್ರೆಯ ಡಾಕ್ಟರೊಬ್ಬರ ಮಗುವೂ ಇದೆ ಎಂದು ಸುಜಾತ ಹೇಳಿದ್ದಳು. ‘ಡಾಕ್ಟರ್ ಮಗ ಏತು ತಾನೇ?’ ಎಂದು ಆ ಸಂಜೆ ಕೇಳಿದೆ.

‘ಏತು ಅಮ್ಮ ನಮ್ಮಲ್ಲೇ ನೆಲ ಒರೆಸ್ತಾಳೆ ಅಣ್ಣ’ ಎಂದಳು ಸುಜಾತ. ‘ಅವ್ನು ಕೈಗೂಸಾಗಿದ್ದಾಗಿಂದ ಅಲ್ಲೇ ಬೆಳ್ದಿರೋದು. ಐನೊ ಡಾಕ್ಟರ್ ಮಗ್ಳು.’

ಡಾಕ್ಟರು ಸಂಬಳಕ್ಕೆ ತಕ್ಕಂತೆ ಹೆಚ್ಚು ಕಟ್ಟುತ್ತಾರೆ, ನೆಲ ಒರೆಸುವವಳು ಏನೂ ಕಟ್ಟುವುದಿಲ್ಲ, ಮಕ್ಕಳು ಒಂದೇ ಬೆಂಚಿನಲ್ಲಿ ಅದೇ ಗಂಜಿ ಕುಡಿಯುತ್ತಾರೆ ಎಂದು ಅವಳು ವಿವರಿಸುತ್ತಿದ್ದಳು. ನನ್ನ ಮನಸ್ಸು ಬೇರೆಲ್ಲೋ ಇತ್ತು.

ಭಾಗ್ಯ ಎಂಬ ಹುಡುಗಿ ನನ್ನ ಶಾಲೆಯಲ್ಲಿ ಮೂರನೆಯ ತರಗತಿ. ಊರಾಚೆಯ ಕಾಲೋನಿಯ ಹುಡುಗಿ. ಅವಳ ತಾಯಿ ಮಧುಗಿರಿ ಕಡೆಯ ಗಾರ್ಮೆಂಟ್ಸಿಗೆ ಬೆಳಗ್ಗೆಯೇ ಕಂಪನಿ ವ್ಯಾನಿನಲ್ಲಿ ಹೋಗುತ್ತಾಳೆ. ನಡೆಯಲು ಕಲಿಯುತ್ತಿರುವ ತಮ್ಮನನ್ನು ಅಂಗನವಾಡಿಗೆ ಸೇರಿಸುವ ವಯಸ್ಸು ಇನ್ನೂ ಆಗಿಲ್ಲ. ಹಾಗಾಗಿ ಭಾಗ್ಯ ಅವನನ್ನು ಎತ್ತಿಕೊಂಡೇ ಶಾಲೆಗೆ ಬರುತ್ತಾಳೆ. ಲೆಕ್ಕದಲ್ಲಿ ಅವಳಷ್ಟು ಚುರುಕು ನಮ್ಮಲ್ಲಿ ಇನ್ನೊಬ್ಬರಿಲ್ಲ. ಆದರೆ ನಾನು ಗುಣಾಕಾರ ಶುರುಮಾಡುವ ಹೊತ್ತಿಗೆ ಕೂಸು ಅಳುತ್ತದೆ, ಅವಳು ಎದ್ದು ಹೊರಗೆ ಹೋಗುತ್ತಾಳೆ. ಹಾಜರಿಯಲ್ಲಿ ಅವಳು ದಿನವೂ ಇದ್ದಾಳೆ, ಪಾಠದಲ್ಲಿ ಇಲ್ಲ. ಏತು ನಮ್ಮ ಊರಿನಲ್ಲಿ ಹುಟ್ಟಿದ್ದರೆ ಅವನಿಗೂ ಒಬ್ಬ ಭಾಗ್ಯ ಬೇಕಾಗುತ್ತಿತ್ತು. ಅವನು ಬೆಳೆಯಲು ಅವಳ ಓದು ಹೋಗುತ್ತಿತ್ತು.

ಊಟದ ಮನೆ

ಒಂದು ಮಧ್ಯಾಹ್ನ ಇಂಚರ ಮಲಗಿದ್ದಾಗ ಟೂಲಾ ನನ್ನನ್ನು ಪಕ್ಕದ ಶಾಲೆಗೆ ಕರೆದುಕೊಂಡು ಹೋದರು. ಅದೇ ಬಡಾವಣೆಯ ಮಕ್ಕಳು ಪೈವಾಕೋಟಿ ಮುಗಿಸಿ ಬರುವ ಸರ್ಕಾರಿ ಶಾಲೆ. ಊಟದ ಹೊತ್ತು. ಒಂದು ಮಗುವಿನ ಕೈಯಲ್ಲೂ ಡಬ್ಬಿಯಿಲ್ಲ. ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಂಡು, ಕಡಲೆಬೇಳೆಯಂಥ ಯಾವುದೋ ಕಾಳಿನ ಗಟ್ಟಿ ಸಾರು, ಬ್ರೆಡ್ಡು ತಿನ್ನುತ್ತಿದ್ದರು. ಮೇಷ್ಟ್ರುಗಳೂ ಮಕ್ಕಳ ನಡುವೆಯೇ ಕುಳಿತಿದ್ದರು.

ಇಲ್ಲಿ ನನಗೂ ಹೇಳಿಕೊಳ್ಳಲು ಒಂದು ಮಾತಿತ್ತು. ‘ನಮ್ಮಲ್ಲೂ ಇದೆ. ಅನ್ನ, ಸಾರು, ಹಾಲು, ಮೊಟ್ಟೆ. ದಿನವೂ ಬಿಸಿ ಊಟ’ ಎಂದೆ.

ಟೂಲಾ ಮುಖ ಅರಳಿತು. ‘ಹೌದೆ? ಎಲ್ಲ ಮಕ್ಕಳಿಗೂ?’

‘ನಮ್ಮ ಶಾಲೆಗೆ ಬರುವ ಎಲ್ಲ ಮಕ್ಕಳಿಗೂ.’

‘ಬರದವರು?’

‘ಅವರು ಡಬ್ಬಿ ತೆಗೆದುಕೊಂಡು ಬೇರೆ ಶಾಲೆಗೆ ಹೋಗುತ್ತಾರೆ.’

ಅವರು ಅರ್ಥವಾಗದೆ, ‘ಯಾಕೆ? ನಿಮ್ಮ ಶಾಲೆಯ ಊಟ ಚೆನ್ನಾಗಿರುವುದಿಲ್ಲವೆ?’ ಎಂದರು. ಊಟ ಚೆನ್ನಾಗಿರುತ್ತದೆ, ಪಾಠವೂ ಪರವಾಗಿಲ್ಲ, ಆದರೆ ಅನುಕೂಲವಿದ್ದವರು ತಮ್ಮ ಮಕ್ಕಳನ್ನು ಅಲ್ಲಿ ಕೂರಿಸುವುದಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಕನ್ನಡದಲ್ಲೂ ಹೇಳುವುದು ಕಷ್ಟವೇ. ಅಷ್ಟರಲ್ಲಿ ಟೂಲಾ ತಾವೇ ಹೇಳಿದರು: ‘ನಮ್ಮದೂ ಸ್ವರ್ಗವೇನಲ್ಲ. ಕೆಲಸದವರು ಸಾಲುವುದಿಲ್ಲ. ದೊಡ್ಡ ಊರುಗಳಲ್ಲಿ ಉಳ್ಳವರು ಒಂದೇ ಕಡೆ ಮನೆ ಮಾಡುತ್ತಿದ್ದಾರೆ, ಆಗ ಶಾಲೆಗಳೂ ಬೇರೆಯಾಗುತ್ತವೆ. ಬಿಗಿಯಾಗಿ ಹಿಡಿದುಕೊಳ್ಳದಿದ್ದರೆ ಇದೆಲ್ಲ ಜಾರಿಹೋಗುತ್ತದೆ.’

ತಪ್ಪು ಟ್ರಾಮ್

ದಿನ ಕಳೆದಂತೆ ಇಂಚರ ನನ್ನ ಪ್ಯಾಂಟು ಬಿಟ್ಟಳು. ಏತುವಿನ ಹಿಂದೆ ಬಂಡೆ ಹತ್ತಲು ಹೋಗಿ ಜಾರಿ ಬಿದ್ದು, ಅಳಬೇಕೋ ಬೇಡವೋ ಎಂದು ಟೂಲಾರ ಮುಖ ನೋಡಿ, ಬೇಡವೆಂದು ತೀರ್ಮಾನಿಸಿ ಮತ್ತೆ ಹತ್ತಿದಳು. ಆದರೂ ಊಟ ಅಷ್ಟಕ್ಕಷ್ಟೆ. ಅವ್ವ ದಿನವೂ ವಿಡಿಯೊ ಕಾಲ್ ಮಾಡಿ, ‘ಕೂಸು ಬಡ್ವಾಗೈತೆ ಕಣ್ಲಾ. ಅಲ್ಲಿ ಯಾರೋ ಪರದೇಸಿಗಳ ಕೈಗ್ ಕೊಟ್ಟು ಕುಂತಿದ್ದೀರಾ’ ಎಂದು ಬೈಯುತ್ತಿದ್ದಳು. ಒಮ್ಮೆ ಫೋನ್ ಇಟ್ಟ ಮೇಲೆ ಸುಜಾತ, ‘ನೀನು ಕರ್ಕೊಂಡೇ ಹೋಗ್ಬಿಡು ಅಣ್ಣ. ಎಲ್ರೂ ನೆಮ್ಮದಿಯಾಗಿರ್ಲಿ’ ಎಂದಳು. ನಾನೂ ಸರಿ ಎಂದೆ. ಮಗುವಿನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಲೂ ಶುರುವಾಯಿತು.

ಹಾಗಿರುವಾಗ ಒಂದು ದಿನ ಸುಜಾತಳಿಗೆ ಸಂಜೆಯ ಪಾಳಿ. ಆ ದಿನ ಇಂಚರ ಮೊದಲ ಸಲ ನಾನಿಲ್ಲದೆ ಅಲ್ಲಿರಬೇಕು. ಸಂಜೆ ನಾನು ಹೋಗಿ ಕರೆತರಬೇಕು. ಊರು ಪರಿಚಯವಾಯಿತೆಂಬ ಜಂಬದಲ್ಲಿ ಪೇಟೆಗೆ ಹೋದವನು ಹಿಂತಿರುಗುವಾಗ ಎದುರು ದಿಕ್ಕಿನ ಟ್ರಾಮ್ ಹತ್ತಿದೆ. ಕಾಡಿನಂಥ ಜಾಗ ಬಂದಾಗ ತಪ್ಪಿದ್ದು ಗೊತ್ತಾಯಿತು. ಇಳಿದು ನೋಡಿದರೆ ಚಳಿಗೆ ಫೋನ್ ಸತ್ತುಹೋಗಿತ್ತು. ಅಷ್ಟರಲ್ಲಿ ಮೇ ತಿಂಗಳೆಂಬುದನ್ನು ಮರೆತು ಹಿಮ ಬೀಳತೊಡಗಿತು. ತಂಗುದಾಣದಲ್ಲಿದ್ದ ಒಬ್ಬ ಹೆಂಗಸು ದಾರಿ ಹೇಳಿದರು. ನಾನು ಅದನ್ನೂ ತಪ್ಪಾಗಿ ತಿಳಿದುಕೊಂಡು ಇನ್ನಷ್ಟು ಸುತ್ತಿದೆ.

ಹೇಳಿದ್ದ ಹೊತ್ತು ಯಾವಾಗಲೋ ಮೀರಿತ್ತು. ನನ್ನ ಕಣ್ಣೆದುರು ಬರುತ್ತಿದ್ದುದು ಟಾಂಪೆರೆಯಲ್ಲ, ನಮ್ಮ ಶಾಲೆಯ ಜಗಲಿ. ಗಾರ್ಮೆಂಟ್ಸಿನ ವ್ಯಾನು ಕೆಟ್ಟು ನಿಂತ ಒಂದು ಸಂಜೆ ಭಾಗ್ಯ ಆ ಜಗಲಿಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಶಾಲೆಗೆ ಬೀಗ, ಅಂಗನವಾಡಿಗೆ ಬೀಗ, ಮನೆಗೂ ಬೀಗ. ಕೂಸು ಹಸಿದು ಅತ್ತು ಅತ್ತು ಸೋತಿತ್ತು. ಕಮಲ ನೋಡಿ ಮನೆಗೆ ಕರೆತಂದಿದ್ದಳು. ನೋಡದಿದ್ದರೆ? ಬೀಗ ಹಾಕಿದ ಬಾಗಿಲ ಮುಂದೆ, ಹಿಮದಲ್ಲಿ ಇಂಚರ ನಿಂತಿರುವ ಹಾಗೆ ಅನಿಸಿ ಓಡಿದೆ. ಜಾರಿ ಬಿದ್ದೆ. ಎದ್ದು ಮತ್ತೆ ಓಡಿದೆ.

ಪೈವಾಕೋಟಿಯ ಕಿಟಕಿಗಳಲ್ಲಿ ಬೆಳಕಿತ್ತು. ಬೂಟು ಬಿಚ್ಚುವುದನ್ನೂ ಮರೆತು ಒಳಗೆ ನುಗ್ಗಿದೆ. ಇಂಚರ ರಾತ್ರಿಯುಡುಪು ತೊಟ್ಟು, ಏತು ಮತ್ತು ಐನೊ ನಡುವೆ ಕುಳಿತು ಗಂಜಿ ಕುಡಿಯುತ್ತಿದ್ದಳು. ಅರ್ಧ ಗಂಜಿ ಗಲ್ಲದ ಮೇಲಿತ್ತು. ಟೂಲಾ ಪುಸ್ತಕ ಓದುತ್ತಿದ್ದರು. ಇಂಚರ ತಲೆಯೆತ್ತಿ ನನ್ನನ್ನು ನೋಡಿ, ‘ಮಾಮ’ ಎಂದಳು. ಆಮೇಲೆ ಚಮಚವನ್ನು ಮತ್ತೆ ಬಟ್ಟಲಿಗೆ ಹಾಕಿದಳು. ನಾನು ತಡವಾಗಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಕ್ಷಮಿಸಿ, ಕ್ಷಮಿಸಿ ಎಂದು ಟೂಲಾರಿಗೆ ಹೇಳುತ್ತ ಹೋದೆ. ಅವರು ನನ್ನ ಕೋಟಿನ ಕೆಸರು ನೋಡಿ, ‘ಯಾಕೆ ಓಡಿದಿರಿ? ನಾವು ಎಲ್ಲಿಗೂ ಹೋಗುವುದಿಲ್ಲವಲ್ಲ’ ಎಂದರು. ನನಗೂ ಒಂದು ಬಟ್ಟಲು ಗಂಜಿ ಹಾಕಿ ಕೊಟ್ಟರು.

ಬಟ್ಟಲು ಹಿಡಿದು ಆ ಪುಟ್ಟ ಕುರ್ಚಿಯಲ್ಲೇ ಕುಳಿತೆ. ಅಲ್ಲಿದ್ದುದು ಟೂಲಾರ ಒಳ್ಳೆಯತನ ಮಾತ್ರವಲ್ಲ. ಅವರ ಬದಲು ಇನ್ನೊಬ್ಬರಿದ್ದರೂ ಗಂಜಿ, ಪುಸ್ತಕ, ಬೆಳಕು ಇರುತ್ತಿದ್ದವು. ನಮ್ಮಲ್ಲಿ ಭಾಗ್ಯಳ ತಮ್ಮನಿಗೆ ಆ ಸಂಜೆ ಹಾಲು ಸಿಕ್ಕಿದ್ದು ಕಮಲ ಆ ದಾರಿಯಲ್ಲಿ ಬಂದಳು ಎಂಬ ಒಂದೇ ಕಾರಣಕ್ಕೆ. ಇಲ್ಲಿ ಯಾರೂ ಆ ದಾರಿಯಲ್ಲಿ ಬರಬೇಕಾಗಿಲ್ಲ.

ಸುಜಾತ ಪಾಳಿ ಮುಗಿಸಿ ಬಂದು ಎಲ್ಲ ಕೇಳಿದಳು. ‘ತಾಯಿ ಮಗು ಒಟ್ಟಿಗೇ ಇರೋ ದಾರಿ ಇರುವಾಗ ನಾನು ಯಾಕೆ ಬೇರೆ ಮಾಡ್ಲಿ?’ ಎಂದೆ. ಅವಳು ಚೀಲದಿಂದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಡತೊಡಗಿದಳು. ಇಡುತ್ತ ಇಡುತ್ತ ಅತ್ತಳು. ಫೋನಿನಲ್ಲಿ ಅತ್ತ ಹಾಗೆ ಅಲ್ಲ.

ಮತ್ತೆ ಊರು

ಒಬ್ಬನೇ ಬಂದ ನನ್ನನ್ನು ನೋಡಿ ಅವ್ವ ಮಾತು ಬಿಟ್ಟಳು. ಫೋನಿನಲ್ಲಿ ಮೊದಲೇ ಹೇಳಿದ್ದೆ. ಆದರೂ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ತರುತ್ತೇನೆಂದು ನಂಬಿದ್ದಳಂತೆ. ಊಟಕ್ಕೆ ಕರೆದರೆ ‘ನಂಗ್ ಹಸ್ವಿಲ್ಲ’ ಎನ್ನುವಳು. ಕಮಲ ಮಾತ್ರ ಪೈವಾಕೋಟಿಯ ಬಗ್ಗೆ ಕೇಳಿದ್ದನ್ನೇ ಕೇಳಿದಳು. ಅಳುವ ಮಗುವಿನ ಪಕ್ಕ ಟೂಲಾ ಕುಳಿತದ್ದನ್ನು ಹೇಳಿದಾಗ, ‘ಅಂಗ್ ಕುಂತ್ಕಳಕ್ಕೆ ನಂಗೂ ಆಸೆ ಕಣ್ರೀ’ ಎಂದಳು. ಅಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು.

ಶಾಲೆ ಶುರುವಾದ ದಿನ ಭಾಗ್ಯ ಕೂಸನ್ನು ಎತ್ತಿಕೊಂಡೇ ಬಂದಳು. ಸಂಜೆ ಕಮಲ ಅವ್ವನ ಮುಂದೆ ಕುಳಿತು ನೇರವಾಗಿ ಕೇಳಿದಳು: ‘ಅತ್ತೆ, ನೀವು ಒಂದ್ ಕೂಸ್ ಸಾಕಕ್ಕೆ ತಯಾರಾಗಿದ್ರಲ್ಲ. ಆ ಭಾಗ್ಯನ ತಮ್ಮನ್ನ ಹಗಲೊತ್ತು ನೋಡ್ಕಳಕ್ಕಾಗುತ್ತಾ?’

‘ಯಾರ್ದೋ ಮಗೀನ ನಾನ್ಯಾಕ್ ನೋಡ್ಲಮ್ಮ? ಅದೂ ಕಾಲೋನಿಯೋರ್ದು, ಊರೋರು ಏನಂತಾರೆ?’

‘ನಮ್ ಇಂಚರನ್ನ ಅಲ್ಲಿ ಯಾರೋ ನೋಡ್ಕಂತಾವ್ರಲ್ಲ ಅತ್ತೆ. ಅವ್ರು ಯಾರ್ದು ಅಂತ ಕೇಳುದ್ರಾ?’

ಅವ್ವ ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಮಾರನೆಯ ಬೆಳಗ್ಗೆ ಶಾಲೆಗೆ ಹೊರಟಾಗ ಜೊತೆಯಲ್ಲೇ ಬಂದಳು, ಇನ್ನೂ ನನ್ನೊಡನೆ ಮಾತಿಲ್ಲ. ಜಗಲಿಯ ಮೇಲಿದ್ದ ಭಾಗ್ಯಳ ಮುಂದೆ ನಿಂತು, ‘ಕೊಡಿಲ್ಲಿ ಅದ್ನ. ಮೂಗ್ ನೋಡು ಹೆಂಗ್ ಸುರುಸ್ಕಂಡೈತೆ’ ಎಂದು ಸೆರಗಿನಿಂದ ಒರೆಸಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, ‘ಲೇ ನಾಗ, ಇದು ಹಾಲ್ ಕುಡಿಯುತ್ತಾ, ಗಂಜಿನಾ, ಕೇಳ್ಲಾ’ ಎಂದಳು.

ಇದು ಪೈವಾಕೋಟಿಯಲ್ಲ ಎಂಬುದು ನನಗೆ ಗೊತ್ತು. ಅವ್ವನಿಗೆ ಜ್ವರ ಬಂದ ದಿನ ಕೂಸು ಮತ್ತೆ ಭಾಗ್ಯಳ ಕೈಗೇ ಬರುತ್ತದೆ. ಇಂಥ ಕೂಸುಗಳು ಆ ಒಂದು ಕಾಲೋನಿಯಲ್ಲೇ ಇನ್ನೂ ಇವೆ. ಖಾಲಿ ಬಿದ್ದಿರುವ ಹಳೆಯ ಕೊಠಡಿಯೊಂದನ್ನು ಹಗಲಿನ ಮನೆ ಮಾಡಿಕೊಡಿ, ಎಲ್ಲರ ಮಕ್ಕಳಿಗೂ, ಕಾಲೋನಿಯವರಿಗೆ ಮಾತ್ರವಲ್ಲ ಎಂದು ಕಮಲ, ನಾನು ಪಂಚಾಯ್ತಿಯಲ್ಲಿ ಕೇಳಿದ್ದೇವೆ. ಅಧ್ಯಕ್ಷೆಯ ಸೊಸೆಗೂ ಕೈಗೂಸಿದೆ, ಅವಳೂ ಕೆಲಸಕ್ಕೆ ಹೋಗಬೇಕೆನ್ನುತ್ತಿದ್ದಾಳೆ. ಗ್ರಾಮಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ಆ ಸೊಸೆಯೇ. ಅದರಿಂದ ನನಗೆ ಸ್ವಲ್ಪ ಧೈರ್ಯ.

ಅವ್ವ ಕೂಸನ್ನು ಎತ್ತಿಕೊಂಡು ಹೋದ ಆ ದಿನ ತರಗತಿಯಲ್ಲಿ ಭಾಗ್ಯಳನ್ನು ಎಬ್ಬಿಸಿ ಬೋರ್ಡಿನ ಮೇಲಿನ ಲೆಕ್ಕ ಮಾಡಲು ಹೇಳಿದೆ. ಸೀಮೆಸುಣ್ಣ ಹಿಡಿದು ನಿಂತಳು. ಎಡ ಸೊಂಟವನ್ನು ಹೊರಕ್ಕೆ ಚಾಚಿ, ಎಡಗೈಯನ್ನು ಏನನ್ನೋ ಬಳಸಿ ಹಿಡಿದ ಹಾಗೆ ಮಡಚಿ ನಿಂತಿದ್ದಳು. ಅಲ್ಲಿ ಕೂಸಿರಲಿಲ್ಲ. ಉತ್ತರ ಬರೆದು ಮುಗಿಸಿ, ತಿರುಗಿ ಬಾಗಿಲ ಕಡೆ ನೋಡಿದಳು, ಯಾರೂ ಅಳುತ್ತಿರಲಿಲ್ಲ. ಬೆಲ್ಲು ಹೊಡೆಯಿತು. ಉಳಿದ ಹುಡುಗಿಯರು ಕುಂಟೆಬಿಲ್ಲೆಗೆ ಹೊರಗೆ ಓಡಿದರು. ಅವಳು ಬೆಂಚಿನ ಬಳಿಯೇ ನಿಂತಿದ್ದಳು.

‘ಸಾ, ನಾನೂ ಹೋಗ್ಲಾ?’ ಎಂದಳು.

‘ಹೋಗಮ್ಮ.’

ಬಾಗಿಲವರೆಗೆ ನಡೆದುಕೊಂಡೇ ಹೋದಳು. ಅಲ್ಲಿಂದ ಓಡಿದಳು.